ಮೊದಲು ಓಡುವವನು

ಡೆಲ್ಮರ್ ಗಿಲರಿ ಬೂಟಿನ ಹಿಮ್ಮಡಿಯನ್ನು ಹುಲ್ಲಿನೊಳಕ್ಕೆ ಒತ್ತಿದ. ಪಚಕ್ಕನೆ ನೀರು ಮೇಲೆ ಬಂತು. ಇನ್ನಷ್ಟು ಆಚೆ ಹೋಗಿ ಒತ್ತಿ ನೋಡಿದ. ಅಲ್ಲೂ ಅದೇ ಕಥೆ. ಪ್ರೇಕ್ಷಕರ ಮೆಟ್ಟಿಲುಸಾಲಿನ ಬುಡದಲ್ಲಿ ಸುಣ್ಣದ ಗೆರೆ ಎಳೆದಿದ್ದ ಒಂದು ಕಿರಿದಾದ ಪಟ್ಟಿ ಮಾತ್ರ ಕಾಲಿಗೆ ಗಟ್ಟಿಯಾಗಿ ಸಿಕ್ಕಿತು. ಉಳಿದ ಮೈದಾನ ಹಿಂದಿನ ದಿನದ ಮಳೆಯನ್ನೆಲ್ಲ ಕುಡಿದು ಇನ್ನೂ ತೇಗುತ್ತಿತ್ತು.

"ಇಲ್ಲಿ ಹುಡುಗರನ್ನ ಓಡಿಸೋದಕ್ಕಿಂತ ಗಾಳ ಹಾಕ್ಕೊಂಡು ಕೂರೋದು ವಾಸಿ ಸರ್," ಎಂದ ಟಕರ್. ಅವನೂ ಡೆಲ್ಮರನಂತೆ ಆಟಗಾರರನ್ನು ಹುಡುಕಿ ಆರಿಸುವ ಸ್ಕೌಟೇ, ಬೇರೊಂದು ಕ್ಲಬ್ಬಿನವನು. ಈ ಕೆಲಸಕ್ಕೆ ಬಂದು ಎರಡನೆಯ ವರ್ಷ. ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಸ್ಟಾಪ್‌ವಾಚಿನ ಹೊಸ ದಾರ ಇನ್ನೂ ಮಿರಮಿರ ಮಿಂಚುತ್ತಿತ್ತು.

"ಈ ಮೈದಾನ ನಿಮ್ಮಪ್ಪ ಹುಟ್ಟೋಕೆ ಮುಂಚಿಂದ್ಲೂ ಹೀಗೇ ಇದೆ ಕಣಪ್ಪ. ಒಂದು ಪಟ್ಟಿ ಒಣಗಿರುತ್ತೆ. ಅಷ್ಟು ಸಾಕು," ಎಂದ ಡೆಲ್ಮರ್. ಅದನ್ನು ಹೇಳುವಾಗ ಅವನ ದನಿಯಲ್ಲಿ ಒಂದಿಷ್ಟು ಹೆಮ್ಮೆಯೇ ಇತ್ತು. ಓದಿದ ಕಾಲೇಜಿನ ಸೋರುವ ಸೂರಿನ ಬಗ್ಗೆಯೂ ಹೆಮ್ಮೆ ಪಡುವವರ ಜಾತಿ ಅವನದು.

ಹಾರ್ಪರ್ಸ್ ಬೆಂಡ್, ಮಿಸಿಸಿಪ್ಪಿಯ ಹತ್ತಿ ಹೊಲಗಳ ನಡುವಿನ ಸಣ್ಣ ಕಾಲೇಜು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅಮೆರಿಕನ್ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ಆಡುವ ಹುಡುಗರನ್ನು ನೋಡಲು ಸ್ಕೌಟ್‌ಗಳು ವರ್ಷವಿಡೀ ಎಡತಾಕುತ್ತಾರೆ. ಇಲ್ಲಿಗೆ ಬರುವುದು ಮಾರ್ಚ್ ತಿಂಗಳಲ್ಲಿ ಒಂದೇ ದಿನ. ಕೊನೆಯ ವರ್ಷದ ಹುಡುಗರನ್ನು ತೂಗಿ, ಅಂಗೈ ಅಗಲ ಅಳೆದು, ನೆಗೆಸಿ, ನಲವತ್ತು ಗಜ ಓಡಿಸಿ ನೋಡುತ್ತಾರೆ. ಹೆಣ್ಣು ನೋಡಲು ಬಂದ ಬೀಗರು ಕೂಡ ಇಷ್ಟು ನೋಡಲಿಕ್ಕಿಲ್ಲ. ಏಪ್ರಿಲ್‌ನಲ್ಲಿ ದುಡ್ಡು ಕೊಟ್ಟು ಆಡಿಸುವ ಕ್ಲಬ್ಬುಗಳು ಸರದಿಯ ಪ್ರಕಾರ ಒಂದೊಂದೇ ಹೆಸರು ಕರೆಯುತ್ತವೆ. ಹೆಸರು ಬಂದವನ ಬದುಕೇ ಬೇರೆ. ಬಾರದವನು ಸೋಮವಾರ ಬೆಳಿಗ್ಗೆ ಕೆಲಸ ಹುಡುಕಿಕೊಂಡು ಹೊರಡುತ್ತಾನೆ.

ಡೆಲ್ಮರನ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಸ್ಕೌಟಿಗೂ ವರ್ಷಕ್ಕೊಂದು ಕೆಂಪು ಬಿಲ್ಲೆ. ಏಪ್ರಿಲ್ ಸಭೆಯಲ್ಲಿ ಗೋಡೆಯ ತುಂಬ ಆಟಗಾರರ ಹೆಸರು ಹಚ್ಚಿರುತ್ತಾರಲ್ಲ, ಅದರಲ್ಲಿ ತನಗೆ ಬೇಕಾದ ಒಂದು ಹೆಸರಿನ ಪಕ್ಕ ಅವನು ಆ ಬಿಲ್ಲೆ ಅಂಟಿಸಬಹುದು. ಇವನು ನನ್ನ ಹುಡುಗ ಎಂದು ಅದರರ್ಥ. ಬಿಲ್ಲೆ ಬಿದ್ದ ಹೆಸರನ್ನು ಕಟ್ಟಕಡೆಯ ಸುತ್ತಿನಲ್ಲಾದರೂ ಎತ್ತಿಕೊಳ್ಳುವುದು ಅಲ್ಲಿನ ಮರ್ಯಾದೆ. ಯಾಕೆ, ಏನು ಎಂದು ಯಾರೂ ಕೇಳುವುದಿಲ್ಲ. ಈ ಬೇಸಿಗೆಗೆ ಡೆಲ್ಮರನ ನಿವೃತ್ತಿ. ಕೈಯಲ್ಲಿದ್ದದ್ದು ಕೊನೆಯ ಬಿಲ್ಲೆ. ಮನಸ್ಸಿನಲ್ಲಿ ಅವನು ಅದನ್ನು ನೋಲನ್ ಸ್ಪ್ರಾಟ್ ಎಂಬ ಹುಡುಗನ ಹೆಸರಿಗೆ ಆಗಲೇ ಅಂಟಿಸಿಯೂ ಆಗಿತ್ತು. ಹುಡುಗ ಓಡಿ ತೋರಿಸುವುದೊಂದು ಬಾಕಿ.

ನೋಲನನ ತಾತ ರಾಸ್ಕೋ ಸ್ಪ್ರಾಟ್ ಮೆಟ್ಟಿಲುಗಳ ಮೇಲೆ ಒಬ್ಬನೇ ಕೂತಿದ್ದ. ತಲೆಗೆ ಭಾನುವಾರದ ಹ್ಯಾಟು, ತೊಡೆಯ ಮೇಲೆ ಬೇಯಿಸಿದ ಕಡಲೆಕಾಯಿಯ ಪೊಟ್ಟಣ. ಅವನೂ ಡೆಲ್ಮರನೂ ಇದೇ ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದವರು, ಒಂದೇ ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕಿದವರು. ಮೈದಾನದ ಎಡ ಅಂಚಿನಲ್ಲಿ ಒಬ್ಬ, ಬಲ ಅಂಚಿನಲ್ಲಿ ಒಬ್ಬ ಓಡಿ ಚೆಂಡು ಹಿಡಿಯುತ್ತಿದ್ದವರು. ಹಿಂದಿನ ಸಂಜೆ ರಾಸ್ಕೋನ ಹೆಂಡತಿ ಅರ್ಲೀನ್ ಡೆಲ್ಮರನಿಗೆ ಕರಿದ ಕ್ಯಾಟ್‌ಫಿಶ್, ಸೊಪ್ಪು, ಗೆಣಸಿನ ಪೈ ಬಡಿಸಿ, ಸಾಕು ಸಾಕು ಎಂದರೂ ಬಿಡದೆ ತಟ್ಟೆ ತುಂಬಿದ್ದಳು. ಮಂಡಿನೋವಿನ ಮಾತಾಯಿತು, ಚರ್ಚಿನ ಹೊಸ ಪಾದ್ರಿಯ ಉದ್ದುದ್ದ ಪ್ರವಚನದ ಮಾತಾಯಿತು, ಸತ್ತವರ ಮಾತು ಹೋದವರ ಮಾತು ಎಲ್ಲ ಆಯಿತು. ನೋಲನನ ವಿಷಯ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ರಾಸ್ಕೋ ಕೇಳುವವನಲ್ಲ. ಕೇಳದಿದ್ದದ್ದೇ ಡೆಲ್ಮರನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತ್ತು.

ಯಾಕೆಂದರೆ ನಲವತ್ತೈದು ವರ್ಷದ ಹಿಂದೆ ಇಂಥದೇ ಒಂದು ಮಾರ್ಚ್‌ನಲ್ಲಿ, ಇಂಥದೇ ಒದ್ದೆ ಮೈದಾನದಲ್ಲಿ, ಅವರಿಬ್ಬರೂ ಓಡಿದ್ದರು. ಸ್ಕೌಟ್‌ಗಳು ಹೆಸರಿನ ಅಕ್ಷರದ ಕ್ರಮದಲ್ಲಿ ಹುಡುಗರನ್ನು ಕರೆಯುವುದು ಆಗಲೂ ರೂಢಿ, ಈಗಲೂ ರೂಢಿ. ಗಿಲರಿಯ 'ಜಿ' ಬೇಗ ಬಂತು. ಡೆಲ್ಮರ್ ಗಟ್ಟಿ ನೆಲದ ಮೇಲೆ ಚಿಗರೆಯಂತೆ ಓಡಿದ. ಸ್ಪ್ರಾಟ್‌ನ 'ಎಸ್' ಬರುವಷ್ಟರಲ್ಲಿ ಅಷ್ಟೂ ಹುಡುಗರ ಮುಳ್ಳು ಬೂಟುಗಳು ಆ ಒಂದು ಪಟ್ಟಿಯನ್ನು ಉತ್ತು ಬಿಟ್ಟಿದ್ದವು. ರಾಸ್ಕೋ ಕೆಸರಲ್ಲಿ ಓಡಿದ. ಅವನು ಗೆರೆ ಮುಟ್ಟುವ ಮೊದಲೇ ಇಬ್ಬರು ಸ್ಕೌಟ್‌ಗಳು ಕಾರಿನ ಕಡೆ ತಿರುಗಿಯಾಗಿತ್ತು. ಡೆಲ್ಮರನ ಹೆಸರು ಏಪ್ರಿಲ್‌ನ ಕೊನೆಯ ಸುತ್ತಿನಲ್ಲಿ ಬಂತು. ಒಂದೆರಡು ವರ್ಷ ಆಡಿದ, ಮಂಡಿ ಮುರಿದುಕೊಂಡ, ಸ್ಕೌಟ್ ಆದ. ರಾಸ್ಕೋ ಊರಲ್ಲೇ ಉಳಿದು ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿದ. ಕ್ಷೌರದಂಗಡಿಯಲ್ಲಿ ಯಾರಾದರೂ ಕೆಣಕಿದರೆ ಕೆಸರಿನ ಕಥೆ ಹೇಳಿ ನಗಿಸುತ್ತಿದ್ದ. ಆ ಕಥೆ ಕೇಳಿದಾಗಲೆಲ್ಲ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಡೆಲ್ಮರ್, ಎಲ್ಲರಿಗಿಂತ ಕಡಿಮೆ ನಗು ಬರುತ್ತಿದ್ದದ್ದೂ ಅವನಿಗೇ.

ಬಂದ ಸ್ಕೌಟ್‌ಗಳಲ್ಲಿ ಹಿರಿಯನಾದವನು ಅವತ್ತಿನ ಓಟ ನಡೆಸಬೇಕು. ಅದೂ ರೂಢಿ. ಓಟಗಾರ ಹುಡುಗರು ಗೆರೆಯ ಹಿಂದೆ ಮೈ ಬಿಸಿ ಮಾಡಿಕೊಳ್ಳುತ್ತ ನಿಂತಿದ್ದರು. ಡೆಲ್ಮರ್ ಗಂಟಲು ಸರಿಮಾಡಿಕೊಂಡ.

"ಕೇಳ್ರಪ್ಪ, ಈ ಸಲ ಕೊನೇ ಅಕ್ಷರದಿಂದ. ಸ್ಪ್ರಾಟ್, ನೀನು ಮೊದಲು ಬಾ."

ಹುಡುಗರು ಮುಖ ಮುಖ ನೋಡಿಕೊಂಡರು. ಟಕರ್ ಹುಬ್ಬೇರಿಸಿ, ನಮಗೇನು ಎಂಬಂತೆ ಭುಜ ಕುಣಿಸಿದ. ಡೆಲ್ಮರ್ ಮೆಟ್ಟಿಲ ಕಡೆ ನೋಡಬಾರದು ಎಂದುಕೊಂಡವನು ನೋಡಿಯೇ ಬಿಟ್ಟ. ರಾಸ್ಕೋನ ಕೈ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿತ್ತು.

ನೋಲನ್ ಗೆರೆಯ ಮೇಲೆ ಬಾಗಿದ. ಉದ್ದನೆ ಕಾಲು, ಇಳಿಬಿದ್ದ ಭುಜ, ಓಡುವ ಮುಂಚೆ ಒಮ್ಮೆ ಎಡಗಿವಿ ಮುಟ್ಟಿಕೊಳ್ಳುವ ಅಭ್ಯಾಸ, ಅದಂತೂ ತಾತನದೇ. ಅವನು ಚಿಮ್ಮಿದೊಡನೆ ಡೆಲ್ಮರನ ಹೆಬ್ಬೆರಳು ಗುಂಡಿ ಒತ್ತಿತು. ಎಂಥ ಓಟ! ತಲೆ ಅಲುಗದು, ಹೆಗಲು ಬಿಗಿಯದು, ನೆಲಕ್ಕೆ ನೋವಾದೀತು ಎಂಬಂತೆ ಹೆಜ್ಜೆ ಇಡುವ ಆ ನಯ. ಡೆಲ್ಮರನ ಕಣ್ಣು ಮಂಜಾಯಿತು. ಎದುರಿಗೆ ಓಡಿಬರುತ್ತಿದ್ದವನು ಮೊಮ್ಮಗನೋ ತಾತನೋ ಅವನಿಗೇ ತಿಳಿಯದಾಯಿತು. ಹುಡುಗ ಗೆರೆ ದಾಟಿದ. ಡೆಲ್ಮರ್ ಅಂಗೈಯೊಳಗಿನ ವಾಚು ನೋಡಿದ.

ಸಾಲದು.

ಪಕ್ಕದವರ ವಾಚಿನತ್ತ ಕಣ್ಣು ಹಾಯಿಸಿದ. ಅಲ್ಲೂ ಅಷ್ಟೇ. ಪ್ರತಿಯೊಬ್ಬನಿಗೂ ಎರಡು ಸಲ ಓಡುವ ಅವಕಾಶ. ನೋಲನ್ ಉಸಿರು ತಿರುಗಿಸಿಕೊಂಡು ಬಂದು ಮತ್ತೆ ಓಡಿದ, ಮತ್ತೆ ಅಷ್ಟೇ ಚೆಂದವಾಗಿ, ಮತ್ತೆ ಅಷ್ಟೇ ನಿಧಾನವಾಗಿ. ಗಟ್ಟಿ ನೆಲ ಅವನಿಗೆ ಕೊಡಬಹುದಾದದ್ದನ್ನೆಲ್ಲ ಕೊಟ್ಟಿತ್ತು.

ಆಮೇಲೆ ಓಡಿದವರನ್ನು ಅವನು ವಾಚಿನ ಗುಂಡಿ ಒತ್ತುವ ಕೈಯಿಂದ ನೋಡಿದನೇ ಹೊರತು ಕಣ್ಣಿಂದ ನೋಡಲಿಲ್ಲ. ಒಬ್ಬರ ಹಿಂದೆ ಒಬ್ಬರು ಓಡುತ್ತ ಬಂದಂತೆ ಪಟ್ಟಿಯ ಹುಲ್ಲು ಕಿತ್ತು, ಮಣ್ಣು ಮೇಲೆದ್ದು, ಹೆಜ್ಜೆಗುಳಿಗಳಲ್ಲಿ ನೀರು ನಿಂತಿತು. ಪಕ್ಕಕ್ಕೆ ಸರಿಯೋಣವೆಂದರೆ ಪಕ್ಕದಲ್ಲಿ ಕೆರೆ. ಕೊನೆಯವನ ಹೆಸರು ಮಾರ್ಕೀಸ್ ಆಲ್ಸ್ಟನ್. ಅಕ್ಷರದ ರೂಢಿಯಂತೆ ಮೊದಲು ಓಡಬೇಕಿದ್ದವನು. ಸಣಕಲ ಹುಡುಗ, ಇಡೀ ವರ್ಷ ನೋಲನನ ಬದಲಿಯಾಗಿ ಬೆಂಚಿನ ಮೇಲೆ ಕೂತವನು. ಅವನ ಸರದಿ ಬರುವಷ್ಟರಲ್ಲಿ ಒಬ್ಬ ಸ್ಕೌಟ್ ಕಾರಿನ ಬಾಗಿಲು ತೆಗೆಯುತ್ತಿದ್ದ.

ಆಲ್ಸ್ಟನ್ ಓಡಿದ. ಮೊದಲ ಹೆಜ್ಜೆಗೇ ಕಾಲು ಜಾರಿತು, ಕೈ ಊರಿದ, ಎದ್ದ. ಅಲ್ಲಿಂದ ಮುಂದಕ್ಕೆ ಅವನ ಓಟದಲ್ಲಿ ಚೆಂದವೆಂಬುದು ಹುಡುಕಿದರೂ ಇರಲಿಲ್ಲ. ಹಲ್ಲು ಕಚ್ಚಿ, ಕೆಸರು ಹಾರಿಸಿಕೊಂಡು, ಬೆನ್ನಿಗೆ ಬೆಂಕಿ ಬಿದ್ದವನ ಹಾಗೆ ಬಂದ. ಡೆಲ್ಮರ್ ವಾಚು ನೋಡಿದ, ನಂಬಲಾರದೆ ಮತ್ತೆ ನೋಡಿದ. ಎರಡನೆಯ ಸಲ ಇನ್ನಷ್ಟು ಕೆಸರಲ್ಲಿ ಹುಡುಗ ಅಷ್ಟೇ ವೇಗದಲ್ಲಿ ಓಡಿದ.

"ನೋಲನ್‌ಗಿಂತ ಕೂದಲೆಳೆ ಹಿಂದೆ," ಟಕರ್ ಬರೆದುಕೊಂಡ. "ಇಬ್ಬರೂ ಸಾಲದು ಸರ್."

"ಅವನು ಯಾವ ನೆಲದ ಮೇಲೆ ಓಡಿದ ನೋಡಿದ್ಯಾ?"

"ನೋಡ್ದೆ ಸರ್. ಆದ್ರೆ ನೆಲ ಬರ್ಕೊಳ್ಳೋಕೆ ಜಾಗ ಎಲ್ಲಿದೆ? ಟೈಮು ಬರೀಬೇಕು, ಅಷ್ಟೇ."

ತಾನು ಮಾಡಿದ್ದು ಏನೆಂದು ಡೆಲ್ಮರನಿಗೀಗ ಅರ್ಥವಾಗಿತ್ತು. ಅಕ್ಷರಮಾಲೆಯನ್ನು ತಿರುಗಿಸಿ ಹಳೆಯ ಅನ್ಯಾಯವನ್ನು ಸರಿಪಡಿಸುತ್ತೇನೆಂದು ಹೊರಟು ಅದನ್ನು ಎತ್ತಿ ಇನ್ನೊಬ್ಬನ ತಲೆಯ ಮೇಲೆ ಇಟ್ಟಿದ್ದ. ಆಗಿನ ಸ್ಕೌಟ್‌ಗಳಾದರೂ ರೂಢಿಯ ಹಿಂದೆ ಹೋಗಿದ್ದರು. ತನ್ನದು ಬೇಕೆಂದು ಮಾಡಿದ್ದು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೆ ಮನುಷ್ಯನ ಮನಸ್ಸು ನಾಚಿಕೆಯ ಪಕ್ಕದಲ್ಲೇ ಲೆಕ್ಕಾಚಾರವನ್ನೂ ಕೂರಿಸಿಕೊಳ್ಳುತ್ತದೆ. ಬಿಲ್ಲೆ ತನ್ನದು. ಯಾರೂ ಕೇಳುವವರಿಲ್ಲ. ನೋಲನನ ಹೆಸರಿಗೆ ಹಚ್ಚಿದರೆ ರಾಸ್ಕೋನ ಮನೆಯಲ್ಲಿ ಏಪ್ರಿಲ್‌ನ ಆ ಸಂಜೆ ಹಬ್ಬ. ಆಗಸ್ಟ್‌ನ ತಾಲೀಮಿನಲ್ಲಿ ಕ್ಲಬ್ಬು ಕೈಬಿಟ್ಟು ಹುಡುಗ ಹಿಂದಿರುಗಿ ಬಂದರೂ ಹೆಸರು ಬಂದಿತ್ತೆಂಬ ಮಾತು ಮನೆಯಲ್ಲಿ ಉಳಿಯುತ್ತದೆ. ಅಷ್ಟಕ್ಕೂ ಈ ಆಲ್ಸ್ಟನ್ ಯಾರು? ನಿನ್ನೆಯವರೆಗೆ ಹೆಸರೂ ಗೊತ್ತಿರಲಿಲ್ಲ.

"ಓಟ ಮುಗೀತಾ ಸರ್? ಹೇಳಿಬಿಡಲಾ?" ಎಂದು ಟಕರ್ ಕೇಳಿದ. ಡೆಲ್ಮರ್ ಹೂಂ ಎನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ರಾಸ್ಕೋ ಕಂಬಿ ಹಿಡಿದು ಮೆಟ್ಟಿಲಿಳಿದು, ಪ್ಯಾಂಟಿನ ಅಂಚು ಒದ್ದೆಯಾಗುವುದನ್ನೂ ಲೆಕ್ಕಿಸದೆ ಹುಲ್ಲಿನ ಮೇಲೆ ಬಂದ.

"ಯಾಕೋ ಕೊನೇ ಅಕ್ಷರದಿಂದ ಕರೆದೆ?"

"ಸುಮ್ನೆ."

"ಸುಮ್ನೆ ಅಂತೆ! ನನ್ನ ಹತ್ರ ಸುಮ್ನೆ ಅನ್ನೋಕೆ ನೀನೇನು ನೆನ್ನೆ ಮೊನ್ನೆ ಪರಿಚಯ ಆದವನಾ? ಋಣ ತೀರಿಸೋಕೆ ಬಂದಿದೀಯ."

ಡೆಲ್ಮರ್ ಬೂಟಿನ ಕಡೆ ನೋಡಿಕೊಂಡ. "ಬಂದೆ. ಏನೀಗ?"

"ತೀರಿಸೋದಾದ್ರೆ ನಿನ್ನ ಜೇಬಿಂದ ತೀರಿಸು ಮಾರಾಯ. ಆ ಸಣಕಲು ಹುಡುಗನ ಜೇಬಿಗೆ ಯಾಕೆ ಕೈ ಹಾಕ್ತೀಯ?"

"ನೋಲನ್ ನಿನ್ನ ಮೊಮ್ಮಗ ಕಣೋ."

"ಅದನ್ನ ನೀನು ನನಗೆ ಹೇಳ್ಕೊಡು! ತೊಟ್ಟಿಲು ತೂಗಿದವನು ನಾನು." ರಾಸ್ಕೋ ಹ್ಯಾಟು ತೆಗೆದು ಬೆವರು ಒರೆಸಿಕೊಂಡ. "ಇಬ್ಬರನ್ನೂ ಆ ಕೆಸರಲ್ಲೇ ನಿಲ್ಲಿಸು. ಪಕ್ಕಪಕ್ಕದಲ್ಲಿ. ಜೊತೇಲಿ ಓಡಲಿ, ಎಲ್ಲರೂ ನೋಡಲಿ."

"ನಿನ್ನ ಹುಡುಗ ಸೋಲ್ತಾನೆ."

"ನನಗೇನು ಕಣ್ಣಿಲ್ವಾ? ಓಡಿಸೋ."

ಡೆಲ್ಮರ್ ಕಾರಿನ ಹತ್ತಿರ ಹೋಗಿದ್ದವನನ್ನು ಸಿಳ್ಳೆ ಹಾಕಿ ಹಿಂದಕ್ಕೆ ಕರೆದ. ಇನ್ನೊಮ್ಮೆ ಓಡಬೇಕೆಂದು ಹೇಳಿದಾಗ ಆಲ್ಸ್ಟನ್ ತಾನೇನೋ ತಪ್ಪು ಮಾಡಿದವನಂತೆ ಹೆದರಿ ನಿಂತ. ನೋಲನ್ ತಾತನ ಮುಖ ನೋಡಿದ. ತಾತ ಗೋಣು ಹಾಕಿದ. ಹುಡುಗರಿಬ್ಬರೂ ಕೆಸರಲ್ಲಿ ಬಾಗಿದರು.

ವಾಚು ಯಾರಿಗೂ ಬೇಕಾಗಲಿಲ್ಲ. ಅರ್ಧ ದಾರಿಗೇ ಆಲ್ಸ್ಟನ್ ಒಂದು ಆಳುದ್ದ ಮುಂದಿದ್ದ. ಗೆರೆ ಮುಟ್ಟಿದಾಗ ನಡುವೆ ಒಂದು ಬಂಡಿ ಹಾಯುವಷ್ಟು ಜಾಗವಿತ್ತು. ಟಕರ್ ಬಾಯಿ ತೆರೆದವನು ಮುಚ್ಚಲು ಮರೆತ. ಕಾರಿನಿಂದ ಬಂದವನು ಬರೆದುಕೊಂಡದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆಯತೊಡಗಿದ. ನೋಲನ್ ಮಂಡಿಗೆ ಕೈ ಕೊಟ್ಟು ಏದುಸಿರು ಬಿಡುತ್ತ ನಿಂತಿದ್ದವನು, ಡೆಲ್ಮರ್ ಹತ್ತಿರ ಬಂದಾಗ ತಲೆ ಎತ್ತಿದ.

"ನಾನು ಹೇಳ್ತಾನೇ ಇದ್ದೆ ಸರ್. ಇವನು ನನ್ನ ಹಿಂದೆ ಕೂತಿದ್ದು ಚೆಂಡು ಹಿಡಿಯೋಕೆ ನನ್ನ ಕೈ ಚೆನ್ನಾಗಿದೆ ಅಂತ. ಕಾಲು ಚೆನ್ನಾಗಿದೆ ಅಂತ ಅಲ್ಲ." ನಗಲು ನೋಡಿದ, ಆಗಲಿಲ್ಲ. "ನನ್ನ ಕಥೆ ಏನು ಸರ್? ಇದ್ದದ್ದು ಇದ್ದ ಹಾಗೆ ಹೇಳಿ."

ಎಷ್ಟೋ ಊರುಗಳಲ್ಲಿ, ಎಷ್ಟೋ ತಾಯಂದಿರ ಎದುರು ಹೇಳಿದ್ದ ಮಾತು. ಈ ಸಲ ಅದು ನಾಲಿಗೆಯ ಮೇಲೆ ಕಲ್ಲಿನಂತೆ ಕೂತಿತು. "ಕೈ ಇಷ್ಟು ಚೆನ್ನಾಗಿರೋ ಹುಡುಗನ್ನ ನಾನು ತುಂಬಾ ನೋಡಿಲ್ಲ ಮಗ. ಆದ್ರೆ ನಿನ್ನ ಹೆಸರು ಬರೋಲ್ಲ."

"ಸರಿ ಸರ್," ಎಂದ ನೋಲನ್. ಕಣ್ಣು ಒರೆಸಿಕೊಂಡು, ಆಲ್ಸ್ಟನನ ಹತ್ತಿರ ಹೋಗಿ ಅವನ ಬೆನ್ನಿಗೆ ಕೆಸರಿನ ಕೈಯಿಂದ ಒಂದು ಗುದ್ದು ಕೊಟ್ಟ. "ಲೋ ಕಡ್ಡಿ, ಇಷ್ಟು ದಿನ ಎಲ್ಲಿಟ್ಟಿದ್ಯೋ ಇದನ್ನ?" ಎಂದದ್ದು ಇವರಿಗೂ ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಹೋಗಿಯಾಗಿತ್ತು. ಬಿಸಿಲು ಬಂದು ಮೈದಾನದ ನೀರಿನ ಮೇಲೆ ಹಬೆಯಾಡುತ್ತಿತ್ತು. ರಾಸ್ಕೋ ಮೆಟ್ಟಿಲುಗಳ ತುದಿಗೆ ಹತ್ತಿ ಕೂತಿದ್ದ. ಡೆಲ್ಮರ್ ಮಂಡಿ ಹಿಡಿದುಕೊಂಡು ಹತ್ತಿಹೋಗಿ ಪಕ್ಕದಲ್ಲಿ ಕೂತ. ರಾಸ್ಕೋ ಕಡಲೆಕಾಯಿ ಪೊಟ್ಟಣವನ್ನು ಅವನತ್ತ ಸರಿಸಿದ. ಇಬ್ಬರೂ ಬಹಳ ಹೊತ್ತು ಸುಲಿದು ತಿಂದರು.

"ಬಿಲ್ಲೆ ಆ ಹುಡುಗನಿಗೇ," ಎಂದ ಡೆಲ್ಮರ್.

"ಮತ್ತೆ? ಇನ್ಯಾರಿಗೆ ಹಚ್ತಿದ್ದೆ, ನನಗಾ?"

ಡೆಲ್ಮರನಿಗೆ ನಗು ಬಂತು. ರಾಸ್ಕೋ ನಗಲಿಲ್ಲ. ಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡುತ್ತ ಕೂತ.

"ನೋಲನ್ ಒಣ ನೆಲದಲ್ಲಿ ಓಡಿದ್ದು ನೋಡ್ದೆ ಕಣೋ. ಅದೇ ಕಾಲು, ಅದೇ ಹೆಜ್ಜೆ. ಕನ್ನಡಿ ಮುಂದೆ ನಿಂತ ಹಾಗಾಯ್ತು. ಆಮೇಲೆ ನಿನ್ನ ಮುಖ ನೋಡ್ದೆ. ವಾಚು ನೋಡೋದೇ ಬೇಕಾಗಲಿಲ್ಲ." ಅವನ ದನಿ ತಗ್ಗಿತು. "ಇಷ್ಟು ವರ್ಷ ಕೆಸರು, ಕೆಸರು ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನನ್ನದೂ ಅದೇ ಇರಬಹುದು ಅಂತ ಇವತ್ತೇ ಅನ್ನಿಸಿದ್ದು."

"ಹುಚ್ಚು ಮಾತಾಡ್ಬೇಡ."

"ಹುಚ್ಚೋ ಬೆಪ್ಪೋ, ಕೇಳ್ತೀನಿ. ನೀನು ಸಾವಿರಾರು ಹುಡುಗರನ್ನ ನೋಡಿದೀಯ. ಸ್ನೇಹಿತ ಅಂತ ಹೇಳ್ಬೇಡ, ಅರ್ಲೀನ್ ಮೀನು ಬಡಿಸಿದ್ಲು ಅಂತ ಹೇಳ್ಬೇಡ. ಸ್ಕೌಟ್ ಆಗಿ ಹೇಳು. ನಾನು ಹೇಗಿದ್ದೆ?"

ನಲವತ್ತೈದು ವರ್ಷದಲ್ಲಿ ಅವನು ಒಮ್ಮೆಯೂ ಕೇಳಿರಲಿಲ್ಲ. ಡೆಲ್ಮರ್ ಕಣ್ಣು ಮುಚ್ಚಿಕೊಂಡ. ನೆನಪಿನಲ್ಲಿ ಯಾರೂ ನಿಧಾನವಾಗಿ ಓಡುವುದಿಲ್ಲ ಎಂಬುದು ಈ ಕಸುಬಿನವರೆಲ್ಲ ಬಲ್ಲ ಮಾತು. ಆದ್ದರಿಂದ ಅವನು ಓಟವನ್ನು ನೆನೆಯಲಿಲ್ಲ. ಹುಡುಗನ ಹೆಸರು ಗೋಡೆಗೆ ಹಚ್ಚುವ ಮುನ್ನ ತನ್ನನ್ನೇ ಕೇಳಿಕೊಳ್ಳುವ ಪ್ರಶ್ನೆಯನ್ನು ಕೇಳಿಕೊಂಡ: ಕಣ್ಣಾರೆ ಕಂಡದ್ದು ಏನು?

"ಆಗಸ್ಟ್‌ನಲ್ಲಿ ಇಲ್ಲಿ ನೆಲ ಬಿರುಕು ಬಿಟ್ಟಿರ್ತಿತ್ತು. ಜ್ಞಾಪಕ ಇದೆಯಾ? ಬೆಳಗಾಗೋದೇ ತಡ, ಆ ತುದಿಯಿಂದ ಈ ತುದಿಗೆ ಓಡಿಸ್ತಿದ್ರು."

"ಹೂಂ. ಧೂಳು ಅಂದ್ರೆ ಧೂಳು."

"ಆಗ ನಿನಗೆ ಎದುರಿಗೆ ಏನು ಕಾಣ್ತಿತ್ತು?"

"ಏನು ಕಾಣುತ್ತೆ? ಆ ಗೋಲಿನ ಕಂಬ ಕಾಣ್ತಿತ್ತು."

"ನನಗೆ ಆ ಕಂಬ ಯಾವತ್ತೂ ಕಾಣಲಿಲ್ಲ ಕಣೋ ರಾಸ್ಕೋ," ಎಂದ ಡೆಲ್ಮರ್. "ನಿನ್ನ ಬೆನ್ನು ಅಡ್ಡ ಇರ್ತಿತ್ತು."

ರಾಸ್ಕೋ ಪೊಟ್ಟಣ ಮಡಿಸಿ ಜೇಬಿಗೆ ಹಾಕಿಕೊಂಡ. ಹ್ಯಾಟು ಸರಿಮಾಡಿಕೊಳ್ಳುವ ನೆಪದಲ್ಲಿ ಅದನ್ನು ಕಣ್ಣಿನ ತನಕ ಎಳೆದುಕೊಂಡ. ಆಮೇಲೆ ಎದ್ದು ನಿಂತ.

"ಬಾ. ಅರ್ಲೀನ್ ಊಟಕ್ಕೆ ಕಾಯ್ತಿರ್ತಾಳೆ. ತಣ್ಣಗಾದ್ರೆ ಇಬ್ಬರಿಗೂ ಬೈಗುಳ."

ಅವನು ಮೊದಲು ಇಳಿಯತೊಡಗಿದ. ಕಂಬಿ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಪಾದ ಊರಿ, ನಿಂತು, ಮತ್ತೆ ಇಳಿದು. ಬಿಸಿಲಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಮೆಟ್ಟಿಲುಗಳು ಅಗಲವಾಗಿದ್ದವು, ಪಕ್ಕದಲ್ಲಿ ಬೇಕಾದಷ್ಟು ಜಾಗವಿತ್ತು. ಡೆಲ್ಮರ್ ಹಿಂದೆಯೇ ಉಳಿದು ಒಂದೊಂದಾಗಿ ಇಳಿದ.